ದೀಪ ಎಂಟು, ಗ್ರೀಸು ಸೊನ್ನೆ: ಘಟ್ಟದ ಪಿಕಪ್ ಪುರಾಣ

ಮೂಡಿಗೆರೆ: ಮಳೆಗಾಲ ಶುರುವಾಯಿತೆಂದರೆ ಇಲ್ಲಿನ ಗ್ಯಾರೇಜುಗಳಿಗೆ ಸುಗ್ಗಿ. ಎಂಟು ತಿಂಗಳು ಡಾಂಬರು ರಸ್ತೆಯಲ್ಲಿ ಮೆರೆದ ಪಿಕಪ್ಪುಗಳೆಲ್ಲ ಜೂನ್ ತಿಂಗಳಲ್ಲಿ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಮಾಲೀಕರ ದೂರು ಒಂದೇ: ‘ಫೋರ್ ವೀಲ್ ಬೀಳ್ತಾ ಇಲ್ಲ ಮಾರಾಯ್ರೆ!’

ಬೀಳುವುದಾದರೂ ಹೇಗೆ? ಲಿವರನ್ನು ಕೊನೆಯ ಸಲ ಎಳೆದದ್ದು ಹೋದ ವರ್ಷದ ಮಳೆಗಾಲದಲ್ಲಿ. ಅಲ್ಲಿಂದೀಚೆಗೆ ಅದನ್ನು ಮುಟ್ಟಿದವರಿಲ್ಲ. ಮುಂದಿನ ಆಕ್ಸಲ್ಲಿನ ಹಬ್ಬು ತುಕ್ಕು ಹಿಡಿದು ಕೂತಿದೆ. ಕೀಲುಗಳ ಗ್ರೀಸು ಒಣಗಿ ಮಣ್ಣಾಗಿದೆ. ಬಂಪರಿನ ಮೇಲೆ ಮಾತ್ರ ಎಂಟು ದೀಪ, ಮದುವೆ ಮನೆ ಚಪ್ಪರದ ಹಾಗೆ! ದೀಪಕ್ಕೆ ಸುರಿದ ದುಡ್ಡಿನಲ್ಲಿ ಐದು ವರ್ಷಕ್ಕಾಗುವಷ್ಟು ಗ್ರೀಸು, ಗೇರ್ ಆಯಿಲ್ ಬರುತ್ತಿತ್ತು. ಆದರೆ ಗ್ರೀಸು ಹಾಕಿದ್ದು ಪಕ್ಕದ ಮನೆಯವರಿಗೆ ಕಾಣಿಸುವುದಿಲ್ಲವಲ್ಲ, ಅದೇ ತಾಪತ್ರಯ.

ಕೊಟ್ಟಿಗೆಹಾರ, ಬಣಕಲ್ ಕಡೆ ಬಸ್ಸಿಗೆ ಕಾದು ನಿಲ್ಲುವವರಿಗೆ ಈ ಗಾಡಿಗಳ ಪರಿಚಯ ಹೊಸದಲ್ಲ. ಬೆಳಗಾದರೆ ಹಾಲಿನ ಕ್ಯಾನು, ಆಮೇಲೆ ಇಸ್ಕೂಲಿನ ಮಕ್ಕಳು, ಹತ್ತು ಗಂಟೆಗೆ ಗೊಬ್ಬರದ ಚೀಲ, ಸಂಜೆಗೆ ಕಿರಾಣಿ ಅಂಗಡಿಯ ಅಕ್ಕಿ ಮೂಟೆ. ಎಲ್ಲಕ್ಕೂ ಅದೇ ಗಾಡಿ. ಅಂಗಡಿಯವರಿಗಂತೂ ಬಾಗಿಲಿಗೆ ಅಡ್ಡ ನಿಂತ ಪಿಕಪ್ಪು ಗಿರಾಕಿಯೂ ಹೌದು, ತಲೆನೋವೂ ಹೌದು. ತೋಟದ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಮೂರು ಮೈಲಿ ಕೆಂಪು ಮಣ್ಣು, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಒಂದು ಏರು. ಇದು ಬೆಟ್ಟದ ಊರುಗಳ ಮಾಮೂಲಿ ಲೆಕ್ಕ. ಪೇಟೆಯವನಿಗೆ ಪಿಕಪ್ಪು ಶೋಕಿ. ಘಟ್ಟದ ಮೇಲಿನವನಿಗೆ ಅದು ಇನ್ನೊಂದು ಜೊತೆ ಕಾಲು.

ಕಾಲು ಅಂದಮೇಲೆ ದಿನಾ ನಡೆಯಬೇಕು. ಬೇಕಾದ ದಿನವೇ ಕೈಕೊಟ್ಟರೆ ಅದು ಕಾಲಲ್ಲ.

ಬಾಳೂರು ಕಡೆಯ ಒಬ್ಬ ಸಣ್ಣ ಬೆಳೆಗಾರರ ಕಥೆ ಕೇಳಿ. ಆರು ಎಕರೆ ಕಾಫಿ, ಸಾಲದಲ್ಲಿ ಕೊಂಡ ನಾಲ್ಕು ಬಾಗಿಲಿನ ಫೋರ್ ವೀಲ್ ಪಿಕಪ್ಪು. ಕೊಂಡ ಮೊದಲ ವರ್ಷ ಮುಂದೆ ಕಬ್ಬಿಣದ ಗಾರ್ಡು, ತಲೆಯ ಮೇಲೆ ದೀಪದ ಪಟ್ಟಿ, ಕಪ್ಪು ಬಣ್ಣದ ರಿಮ್ಮು, ಎಲ್ಲ ಆಯಿತು. ಎರಡನೇ ವರ್ಷದ ಜುಲೈ, ರಾತ್ರಿ ಒಂದು ಗಂಟೆ. ಅವರ ತಾಯಿಗೆ ಉಸಿರು ಕಟ್ಟಿಕೊಂಡಿತು. ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರೆ ಹಳ್ಳದಾಚೆಯ ಏರಿನಲ್ಲಿ ಹಿಂದಿನ ಚಕ್ರ ತಿರುಗಿದ್ದೇ ತಿರುಗಿದ್ದು. ಲಿವರು ಎಳೆದರು, ಬೀಳಲಿಲ್ಲ. ಹಿಂದಕ್ಕೆ ಬಂದು ಎಳೆದರು, ಆಗಲೂ ಬೀಳಲಿಲ್ಲ. ಎಂಟೂ ದೀಪ ಝಗಝಗ ಉರಿಯುತ್ತಿತ್ತು. ಗಾಡಿ ಎಲ್ಲಿ ಹೂತಿದೆ ಎಂಬುದು ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು!

ಕೊನೆಗೆ ಪಕ್ಕದ ತೋಟದವರ ಹಳೇ ಎಂ.ಎಂ. 540 ಜೀಪು ಬಂತು. ಬಣ್ಣ ಹೋಗಿ ತಗಡು ಕಾಣುವ ಜೀಪು, ಮೇಲೆ ಟಾರ್ಪಾಲು, ಒಂದೇ ವೈಪರು. ಅದರಲ್ಲಿ ಮುದುಕಿಯನ್ನು ಹಾಕಿಕೊಂಡು ಆಸ್ಪತ್ರೆ ಮುಟ್ಟಿಸಿದರು. ಜೀವ ಉಳಿಯಿತು. ಜೀಪಿನ ಯಜಮಾನರು ಪ್ರತಿ ತಿಂಗಳೂ ಒಂದು ಭಾನುವಾರ ಗ್ರೀಸ್ ಗನ್ನು ಹಿಡಿದು ಗಾಡಿಯಡಿ ಮಲಗುವ ಜಾತಿಯವರು. ಈ ಅಭ್ಯಾಸಕ್ಕೆ ಊರಲ್ಲಿ ಅವರನ್ನು ಮೊದಲು ಹಾಸ್ಯ ಮಾಡುತ್ತಿದ್ದರಂತೆ. ಈಗ ಮಾಡುವುದಿಲ್ಲ.

ಜೀಪಿನ ವಂಶಾವಳಿ

ಈ ಸೀಮೆಗೆ ಇಂಥ ಗಾಡಿ ನಿನ್ನೆ ಮೊನ್ನೆ ಬಂದದ್ದಲ್ಲ. ಮಹೀಂದ್ರದವರು 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿದರು. ಆ ಮೇಲಿನ ವರ್ಷಗಳಲ್ಲಿ ಜೀಪು ತೋಟ ತೋಟಕ್ಕೂ ಹತ್ತಿತು. ಆಮೇಲೆ ಟಾಟಾದವರ 207 ಬಂತು. ಫೋರ್ ವೀಲ್ ಗೊಡವೆಯಿಲ್ಲದ, ಸಂತೆಗೂ ಸೈ, ಇಟ್ಟಿಗೆಗೂ ಸೈ ಎನ್ನುವ ಗಾಡಿ. 2000ದಲ್ಲಿ ಬೊಲೆರೊ ಬಂತು. ಅದರ ಬೆನ್ನಿಗೆ ತೊಟ್ಟಿ ಜೋಡಿಸಿದ ಕ್ಯಾಂಪರ್, ಪಿಕಪ್ ತರಹೆಗಳೇ ಇವತ್ತಿಗೂ ಘಟ್ಟದ ಕೆಲಸದೆತ್ತು. ಎರಡೂವರೆ ಲೀಟರಿನ ಡೀಸೆಲ್ ಇಂಜಿನ್ನು, 75 ಅಶ್ವಶಕ್ತಿ. ಓಡುವುದರಲ್ಲಿ ಹುಲಿಯಲ್ಲ, ಎಳೆಯುವುದರಲ್ಲಿ ಕೋಣ.

ಶೋಕಿ ಸೇರಿದ್ದು 2016ರಿಂದ ಎನ್ನಬಹುದು. ಆ ವರ್ಷ ಇಸುಜು ಕಂಪನಿಯ ಡಿ-ಮ್ಯಾಕ್ಸ್ ವಿ-ಕ್ರಾಸ್ ಬಂತು. ಲಿವರು ಹೋಗಿ ಗುಂಡಿ ತಿರುಗಿಸಿದರೆ ಫೋರ್ ವೀಲ್, ಒಳಗೆ ಕಾರಿನ ಹಾಗೆ ಎ.ಸಿ., ಮೆತ್ತೆ. ಬಿಳಿ ಬೋರ್ಡಿನಲ್ಲಿ ಮನೆ ಮುಂದೆ ನಿಲ್ಲಿಸುವ ಪಿಕಪ್ಪು! 2022ರಲ್ಲಿ ಟೊಯೋಟದ ಹೈಲಕ್ಸ್ ಬಂತು. ತಯಾರಾಗುವುದು ನಮ್ಮ ಬಿಡದಿಯಲ್ಲೇ. ಬಂದಾಗಿನ ಆರಂಭದ ಬೆಲೆ ಮಾತ್ರ ಶೋರೂಮಿನ ಲೆಕ್ಕದಲ್ಲೇ 33.99 ಲಕ್ಷ. ಇಷ್ಟು ಕೊಟ್ಟ ಗಾಡಿಯ ತೊಟ್ಟಿಗೆ ಸಗಣಿ ಗೊಬ್ಬರ ತುಂಬಲು ಯಾವ ಯಜಮಾನಿಗೂ ಕೈ ಬಾರದು ಅನ್ನುವುದು ಬೇರೆ ಮಾತು.

ಇವೆರಡೂ ಐದೂಕಾಲು ಮೀಟರಿಗೂ ಮೀರಿದ ಉದ್ದದ ಗಾಡಿಗಳು. ಮೂಡಿಗೆರೆ ಪೇಟೆಯಲ್ಲಿ ಸಂತೆಯ ದಿನ ನಿಲ್ಲಿಸಿ ನೋಡಿ, ಅರ್ಧ ಗಾಡಿ ಪಕ್ಕದ ಅಂಗಡಿಯವನ ಪಾಲು. ದಿನಬಳಕೆಗೆ ಕೊಳ್ಳುವವರು ಬೆಟ್ಟ ಹತ್ತುತ್ತದೆಯೇ ಎಂದು ಕೇಳುತ್ತಾರೆ, ತಮ್ಮ ಮನೆಯ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದೆಯೇ ಎಂದು ಕೇಳುವುದಿಲ್ಲ.

ಲಿವರಿನ ಗುಟ್ಟು

ಫೋರ್ ವೀಲ್ ಎಂದರೆ ಏನೋ ಮಂತ್ರಶಕ್ತಿ ಎಂದು ತಿಳಿದವರೇ ಜಾಸ್ತಿ. ಅಸಲಿಗೆ ಇಷ್ಟೇ: ಸಾಮಾನ್ಯ ಹೊತ್ತಿನಲ್ಲಿ ಇಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಹೋಗುತ್ತದೆ. ಲಿವರು ಎಳೆದಾಗ, ಇಲ್ಲವೇ ಗುಂಡಿ ತಿರುಗಿಸಿದಾಗ, ಗೇರ್ ಬಾಕ್ಸಿನ ಹಿಂದಿರುವ ಇನ್ನೊಂದು ಪೆಟ್ಟಿಗೆ ಮುಂದಿನ ಆಕ್ಸಲ್ಲಿಗೂ ಬಲ ಹಂಚುತ್ತದೆ. ‘ಲೋ’ಗೆ ಹಾಕಿದರೆ ವೇಗ ಇಳಿದು ಎಳೆತ ಏರುತ್ತದೆ. ಬೆಣ್ಣೆಯಂಥ ಕೆಸರಿನಲ್ಲೂ ಗಾಡಿ ಆಮೆಯ ಹಾಗೆ ಹತ್ತುವುದು ಇದರಿಂದ.

ಈ ಪೆಟ್ಟಿಗೆಯೊಳಗಿನ ಫೋರ್ಕು, ಹಬ್ಬಿನೊಳಗಿನ ಹಲ್ಲು, ಗುಂಡಿ ಗಾಡಿಯಾದರೆ ಅದನ್ನು ತಳ್ಳುವ ಪುಟ್ಟ ಮೋಟಾರು, ಇವೆಲ್ಲ ಆಡುತ್ತಿದ್ದರೆ ಉಳಿಯುತ್ತವೆ. ಆಡದಿದ್ದರೆ ಹಿಡಿದುಕೊಳ್ಳುತ್ತವೆ. ಬಾವಿಯ ರಾಟೆಯನ್ನು ಒಂದು ವರ್ಷ ಬಿಟ್ಟು ನೋಡಿ, ಗೊತ್ತಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ತಿಂಗಳಿಗೊಂದು ಸಲ ತೋಟದ ಮಣ್ಣು ದಾರಿಯಲ್ಲಿ ಫೋರ್ ವೀಲ್ ಹಾಕಿ ಅರ್ಧ ಮೈಲಿ ಓಡಿಸಬೇಕು. ಲೋ ಗೇರಿಗೂ ಒಮ್ಮೆ ಹಾಕಿ ತೆಗೆಯಬೇಕು. ಖರ್ಚು? ಒಂದು ಲೋಟ ಡೀಸೆಲ್ಲು.

ಆದರೆ ಒಣ ಡಾಂಬರಿನ ಮೇಲೆ ಹಾಕಿ ಓಡಿಸುವ ಶೂರರೂ ಇದ್ದಾರೆ. ಇದು ಇನ್ನೊಂದು ಅನಾಹುತ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ಹೆಚ್ಚು ದೂರ ಓಡಬೇಕಾಗುತ್ತದೆ. ಈ ಬಗೆಯ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಆ ವ್ಯತ್ಯಾಸ ನುಂಗಿಕೊಳ್ಳುವ ಏರ್ಪಾಡು ಇಲ್ಲ. ಮಣ್ಣಿನಲ್ಲಾದರೆ ಚಕ್ರ ಕೊಂಚ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಆ ತಿರುಚು ಎಲ್ಲ ಶಾಫ್ಟಿಗೆ, ಗೇರಿನ ಹಲ್ಲಿಗೆ ಬೀಳುತ್ತದೆ. ಸ್ಟೀರಿಂಗು ಬಿಗಿಯುತ್ತದೆ, ಟೈರು ಕಿರುಗುಡುತ್ತದೆ, ಒಂದು ದಿನ ಟಪ್ ಎನ್ನುತ್ತದೆ. ನಾಲ್ಕು ಟೈರು ಒಂದೇ ಅಳತೆ, ಹೆಚ್ಚು ಕಡಿಮೆ ಒಂದೇ ಸವೆತ ಇರಬೇಕು ಅನ್ನುವುದೂ ಇದೇ ಕಾರಣಕ್ಕೆ. ಮುಂದೆ ಹೊಸದು, ಹಿಂದೆ ಬೋಳು ಎಂಬ ಉಳಿತಾಯದ ಬುದ್ಧಿ ಇಲ್ಲಿ ನಡೆಯದು.

ಗಾಡಿಯಡಿಯ ಲೋಕ

ನೀರಿಗಿಳಿಯುವ ಗಾಡಿಯ ಆಯುಷ್ಯ ಇರುವುದು ಅಡಿಯಲ್ಲಿ. ಡಿಫರೆನ್ಶಿಯಲ್ ಉಂಡೆಯ ಎಣ್ಣೆಯನ್ನೇ ನೋಡಿ. ಓಡಿ ಓಡಿ ಅದು ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತಣ್ಣಗಿನ ಹಳ್ಳಕ್ಕಿಳಿದರೆ ಗಾಳಿ ಕುಗ್ಗಿ, ಉಸಿರುಕೊಳವೆಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಕ್ಕೆಳೆಯುತ್ತದೆ. ಎಣ್ಣೆಗೆ ನೀರು ಬೆರೆತರೆ ಹಾಲು ಹಾಕಿದ ಕಾಫಿಯ ಬಣ್ಣ. ಆ ಬಣ್ಣ ಕಂಡ ಮೇಲೂ ಓಡಿಸಿದರೆ ಬೇರಿಂಗು, ಗೇರು ಎರಡೂ ಗುಜರಿ.

ಇದಕ್ಕೆ ಮದ್ದು ಬಹಳ ಅಗ್ಗ. ಹಳ್ಳದ ಮುಂಚೆ ಐದು ನಿಮಿಷ ನಿಲ್ಲಿಸಿ ಒಂದು ಬೀಡಿ ಸೇದಿ, ಇಲ್ಲವೇ ಸೇದಬೇಡಿ, ಒಟ್ಟಿನಲ್ಲಿ ನಿಲ್ಲಿ. ಉಸಿರುಕೊಳವೆಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಎತ್ತರಕ್ಕೆ, ಇಂಜಿನ್ ಕೋಣೆಯೊಳಕ್ಕೆ ತಂದು ಕಟ್ಟಿಸಿದರೆ ಇನ್ನೂ ಒಳ್ಳೆಯದು. ದಿನಬಳಕೆಯ ಘಟ್ಟದ ಗಾಡಿಗೆ ಇದಕ್ಕಿಂತ ಲಾಭದ ‘ಅಪ್‌ಗ್ರೇಡು’ ಇನ್ನೊಂದಿಲ್ಲ. ಫೋಟೋದಲ್ಲಿ ಕಾಣುವುದಿಲ್ಲ ಅನ್ನುವುದೊಂದೇ ಕೊರತೆ.

ಹಳ್ಳದ ಮಧ್ಯೆ ಇಂಜಿನ್ ನಿಂತರೆ? ಬಹಳ ಮಂದಿ ಮಾಡುವ ತಪ್ಪು, ಗಾಬರಿಯಲ್ಲಿ ಮತ್ತೆ ಮತ್ತೆ ಕೀಲಿ ತಿರುಗಿಸುವುದು. ಗಾಳಿಯ ದಾರಿಯಿಂದ ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ನು ಅದನ್ನು ಒತ್ತಲಾರದು. ನೀರು ಗಾಳಿಯ ಹಾಗೆ ಕುಗ್ಗುವ ವಸ್ತುವಲ್ಲ. ಆಗ ಬಾಗುವುದು ಕನೆಕ್ಟಿಂಗ್ ರಾಡು. ಮಾಮೂಲಿ ವಿಮೆಯಲ್ಲಿ ಈ ನಷ್ಟ ಸಾಮಾನ್ಯವಾಗಿ ಬಾರದು, ಇಂಜಿನ್ ರಕ್ಷಣೆಯ ಪ್ರತ್ಯೇಕ ಕಂತು ಕಟ್ಟಿರಬೇಕು. ಆದ್ದರಿಂದ ಕೀಲಿಗೆ ಕೈ ಹಾಕದೆ, ಹಗ್ಗ ಕಟ್ಟಿ ಎಳೆಸುವುದೇ ಜಾಣತನ. ಹಗ್ಗವನ್ನೂ ಚಾಸಿಗೆ ಬಿಗಿದ ಕೊಕ್ಕೆಗೇ ಕಟ್ಟಬೇಕು. ಟ್ರೈಲರ್ ಎಳೆಯುವ ಗುಂಡಿಗೆ ಕಟ್ಟಿ ಜಗ್ಗಿದರೆ ಅದು ಕಿತ್ತು ಬಂದು ಗುಂಡಿನ ಹಾಗೆ ಹಾರುತ್ತದೆ. ಜಗ್ಗುವಾಗ ಹಗ್ಗದ ಹತ್ತಿರ ನಿಂತು ‘ಇನ್ನೊಂಚೂರು, ಇನ್ನೊಂಚೂರು’ ಎನ್ನುವ ಉಸ್ತುವಾರಿ ಮಂದಿಯನ್ನು ಮೊದಲು ದೂರ ಕಳಿಸಬೇಕು.

ಹಳ್ಳ ದಾಟಿದ ಮೇಲೆ ಬ್ರೇಕು ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನಿಧಾನವಾಗಿ ಓಡಿಸುತ್ತ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಹಿಂದಿನ ಡ್ರಮ್ಮಿನೊಳಗೆ ಕೆಸರು ಸೇರಿದ್ದರೆ ಬಿಚ್ಚಿ ತೊಳೆಯದೆ ವಿಧಿಯಿಲ್ಲ. ಶಾಫ್ಟಿನ ಕ್ರಾಸುಗಳಿಗೆ, ಕಮಾನು ಪಟ್ಟಿಯ ಸಂಕೋಲೆಗಳಿಗೆ ನೀರಾಟದ ನಂತರ ಹೊಸ ಗ್ರೀಸು ಹೊಡೆದರೆ ಹಳೆಯದರೊಂದಿಗೆ ನೀರೂ ಹೊರಗೆ ಬರುತ್ತದೆ. ಇನ್ನು ತೊಟ್ಟಿ. ಗೊಬ್ಬರದ ಉಪ್ಪು ತಗಡನ್ನು ತಿನ್ನುವಷ್ಟು ಗೆದ್ದಲು ಮರವನ್ನು ತಿನ್ನದು. ಖಾಲಿ ಮಾಡಿದ ದಿನವೇ ತೊಳೆಯಬೇಕು. ಮೂಲೆಯ ತೂತುಗಳಲ್ಲಿ ಸಿಲ್ವರ್ ಮರದ ಎಲೆ ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಬೇಕು. ಡೀಸೆಲ್ ಫಿಲ್ಟರಿನಡಿ ನೀರು ಇಳಿಸುವ ತಿರುಪು ಇದೆ, ಎಷ್ಟು ಜನಕ್ಕೆ ಗೊತ್ತು?

ಖಾಲಿ ಪಿಕಪ್ಪಿನ ಇನ್ನೊಂದು ಗುಣ ಬಸ್ಸಿನವರು ಬಲ್ಲರು. ಒಂದು ಟನ್ನು ಹೊರಲು ಮಾಡಿದ ಹಿಂದಿನ ಕಮಾನು ಪಟ್ಟಿ, ತೊಟ್ಟಿ ಖಾಲಿಯಿದ್ದಾಗ ಕುದುರೆಯ ಹಾಗೆ ಕುಣಿಯುತ್ತದೆ. ಮಳೆಯಲ್ಲಿ ಚಾರ್ಮಾಡಿ ತಿರುವಿನಲ್ಲಿ ಜೋರಾಗಿ ಬ್ರೇಕ್ ತುಳಿದರೆ ಹಿಂಭಾಗ ಮುಂದೆ ಬರಲು ನೋಡುತ್ತದೆ. ಅನುಭವಸ್ಥರು ಮಳೆಗಾಲದಲ್ಲಿ ಎರಡು ಮೂರು ಚೀಲ ಮರಳನ್ನು ಹಿಂದಿನ ಆಕ್ಸಲ್ಲಿನ ಮೇಲಕ್ಕೆ ಬರುವಂತೆ ಬಿಗಿಯಾಗಿ ಕಟ್ಟಿಟ್ಟುಕೊಳ್ಳುತ್ತಾರೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯುತ್ತಾರೆ. ನ್ಯೂಟ್ರಲ್ಲಿಗೆ ಹಾಕಿ ಡೀಸೆಲ್ ಉಳಿಸುವವರ ಸುದ್ದಿ ಆಗಾಗ ಬೇರೆ ಪುಟದಲ್ಲಿ ಬರುತ್ತದೆ.

ಅಂದಚಂದದ ಖರ್ಚು

ಈಗ ಸಿಂಗಾರದ ವಿಷಯ. ಗಾಡಿ ಸುಧಾರಿಸಬೇಡಿ ಎಂದು ಯಾರೂ ಹೇಳುವುದಿಲ್ಲ. ಎಲ್ಲಿಂದ ಶುರುಮಾಡಬೇಕು ಅನ್ನುವುದೇ ತಕರಾರು.

ಮೊದಲ ದುಡ್ಡು ಟೈರಿಗೆ. ಕೊಡಚಾದ್ರಿಗೆ, ಮಡಿಕೇರಿ ಕಡೆಯ ಮಾಂದಲಪಟ್ಟಿಗೆ ದಿನಾ ಜನ ಹೊತ್ತು ಹತ್ತುವ ಹಳೇ ಜೀಪುಗಳನ್ನು ನೋಡಿ. ಅವುಗಳ ಬಲ ಇರುವುದು ಟೈರಿನಲ್ಲಿ ಮತ್ತು ಚಾಲಕನ ಕಾಲಿನಲ್ಲಿ. ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ಟೈರು ಕೆಂಪು ಮಣ್ಣನ್ನು ಕೊಡವಿಕೊಂಡು ಹತ್ತುತ್ತದೆ ನಿಜ. ಆದರೆ ದಿನಾ ಡಾಂಬರಿನಲ್ಲಿ ಅದು ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ನಿಲ್ಲಲು ಹೆಚ್ಚು ದೂರ ಬೇಡುತ್ತದೆ. ಮುಕ್ಕಾಲು ಪಾಲು ಡಾಂಬರು, ಕಾಲು ಪಾಲು ಮಣ್ಣು ಎನ್ನುವವರಿಗೆ ಎರಡಕ್ಕೂ ಹೊಂದುವ ಎ.ಟಿ. ಟೈರೇ ಸಾಕು. ಕೆಸರು ತೀರಾ ಹೆಚ್ಚಾದರೆ ಗಾಳಿ ಕೊಂಚ ಇಳಿಸಿ ದಾಟಿ, ಡಾಂಬರಿಗೆ ಬಂದ ಕೂಡಲೇ ತುಂಬಿಸಿಕೊಳ್ಳಬೇಕು. ಸಿಗರೇಟ್ ಲೈಟರಿನ ಜಾಗಕ್ಕೆ ಸಿಕ್ಕಿಸುವ ಪುಟ್ಟ ಗಾಳಿ ಪಂಪು ಎಂಟು ದೀಪಕ್ಕಿಂತ ಹೆಚ್ಚು ಉಪಕಾರಿ.

ದೊಡ್ಡ ಟೈರು ಹಾಕಿಸಿದರೆ ಸ್ಪೀಡೋಮೀಟರು ಸುಳ್ಳು ಹೇಳತೊಡಗುತ್ತದೆ. ಟೈರಿನ ಎತ್ತರ ನೂರಕ್ಕೆ ಐದು ಹೆಚ್ಚಾದರೆ ಮುಳ್ಳು 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ಎಳೆತ ಕಡಿಮೆ, ಕ್ಲಚ್ಚಿಗೆ ಹೊರೆ. ಅದಕ್ಕೆ ಜಾಗ ಮಾಡಲು ಗಾಡಿ ಎತ್ತರಿಸಿದರೆ ಶಾಫ್ಟುಗಳ ಕೋನ ಕೆಟ್ಟು ಕೀಲುಗಳು ಬೇಗ ಸವೆಯುತ್ತವೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಒಂದು ಶೋಕಿಗೆ ಇನ್ನೊಂದು ರಿಪೇರಿ ಬೆನ್ನು ಹತ್ತಿ ಬರುತ್ತದೆ, ಸಾಲಕ್ಕೆ ಬಡ್ಡಿ ಬಂದ ಹಾಗೆ.

ಇನ್ನು ಕಾನೂನು. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮಿನ ಪ್ರಕಾರ, ಕಂಪನಿ ಮಾಡಿಕೊಟ್ಟ, ಆರ್.ಸಿ.ಯಲ್ಲಿ ದಾಖಲಾದ ವಿವರಕ್ಕೆ ಹೊರತಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಂಡತುಂಡವಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಮುಂದಿನ ಕಬ್ಬಿಣದ ಗಾರ್ಡಿನ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಗಾರ್ಡು ಬಿಗಿದ ಗಾಡಿ ಗುದ್ದಿದಾಗ ಪೆಟ್ಟು ನೇರ ಚಾಸಿಗೆ ಇಳಿಯುತ್ತದೆ, ಏರ್‌ಬ್ಯಾಗಿನ ಸೆನ್ಸಾರು ಲೆಕ್ಕ ತಪ್ಪಬಹುದು, ಎದುರು ಸಿಕ್ಕ ಪಾದಚಾರಿಯ ಗತಿಯಂತೂ ಹೇಳುವುದೇ ಬೇಡ. ಅಪಘಾತವಾದರೆ ತಿಳಿಸದೆ ಮಾಡಿದ ಬದಲಾವಣೆ ಹಿಡಿದು ವಿಮೆಯವರು ತಕರಾರು ತೆಗೆದರೆ ಆಗ ಅತ್ತು ಫಲವಿಲ್ಲ.

ದೀಪದ ವಿಷಯಕ್ಕೆ 2024ರ ಜುಲೈಯಲ್ಲಿ ರಾಜ್ಯದ ಪೊಲೀಸರೇ ಬೀದಿಗಿಳಿದು ಕಣ್ಣು ಕುಕ್ಕುವ ಗಾಡಿಗಳ ಮೇಲೆ ಕೇಸು ಹಾಕಿದರು. ಆಮೇಲೂ ಪಾಠ ಕಲಿತವರು ಎಷ್ಟು ಮಂದಿ ಎಂಬುದನ್ನು ರಾತ್ರಿ ಬಸ್ಸಿನ ಚಾಲಕರನ್ನೇ ಕೇಳಬೇಕು. ತಮಾಷೆಯೆಂದರೆ ಘಟ್ಟದ ಮಂಜಿನಲ್ಲಿ ಈ ಬಿಳಿ ಬೆಳಕು ಕೆಲಸಕ್ಕೇ ಬರುವುದಿಲ್ಲ. ಮಂಜಿಗೆ ಬಡಿದು ವಾಪಸು ಕಣ್ಣಿಗೇ ಬರುತ್ತದೆ. ಅಲ್ಲಿ ಬೇಕಾದದ್ದು ಕೆಳಗೆ ಬಿಗಿದ, ಕೆಳಕ್ಕೇ ನೋಡುವ ಫಾಗ್ ಲ್ಯಾಂಪು, ಮತ್ತು ಕಡಿಮೆ ವೇಗ.

ಹೊಸ ಗಾಡಿ, ಹೊಸ ರೋಗ

2020ರ ಏಪ್ರಿಲ್ ಒಂದರಿಂದ ಬಿ.ಎಸ್. 6 ಬಂದ ಮೇಲೆ ಡೀಸೆಲ್ ಪಿಕಪ್ಪಿನ ದಿನಚರಿಯೇ ಬದಲಾಗಿದೆ. ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜಾಲರಿ ಕೂತಿದೆ. ಹಿಡಿದ ಮಸಿಯನ್ನು ಅದು ಆಗಾಗ ಬಿಸಿಯಲ್ಲಿ ಸುಟ್ಟುಕೊಳ್ಳಬೇಕು. ಆ ಬಿಸಿ ಬರಲು ಗಾಡಿ ಸ್ವಲ್ಪ ಹೊತ್ತು ಒಂದೇ ಹದದ ವೇಗದಲ್ಲಿ ಓಡಬೇಕು. ನಮ್ಮವರ ಓಡಾಟ ಹೇಗೆ? ಮನೆಯಿಂದ ಹಾಲಿನ ಡೈರಿಗೆ ಎರಡು ಮೈಲಿ, ಅಲ್ಲಿಂದ ಕಣಕ್ಕೆ, ಕಣದಿಂದ ಮನೆಗೆ, ಎಲ್ಲ ಒಂದು ಎರಡನೇ ಗೇರಿನಲ್ಲಿ. ಇಂಜಿನ್ ಕಾಯುವುದರೊಳಗೆ ಆಫ್. ಮಸಿ ತುಂಬುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ. ಅದನ್ನು ನೋಡಿಯೂ ನೋಡದ ಹಾಗಿದ್ದರೆ ಗಾಡಿ ಎಳೆತ ನಿಲ್ಲಿಸಿ ಮುಷ್ಕರ ಹೂಡುತ್ತದೆ.

ವಾರಕ್ಕೊಂದು ಸಲ ಹಾಸನದ ಕಡೆಗೋ ಚಿಕ್ಕಮಗಳೂರಿಗೋ ನಿಲ್ಲಿಸದೆ ಒಂದು ಸುತ್ತು ಹೋಗಿ ಬಂದರೆ ಈ ಕಾಟ ಬಹಳಷ್ಟು ತಪ್ಪುತ್ತದೆ. ಆದರೆ ಹಳೇ ಗ್ಯಾರೇಜಿನವರ ಸಂಕಟ ಬೇರೆ. ಶಬ್ದ ಕೇಳಿ ರೋಗ ಹೇಳುತ್ತಿದ್ದವರು ಇವರು. ಈಗ ಸ್ಕ್ಯಾನರು ಸಿಕ್ಕಿಸದೆ ಬಾನೆಟ್ಟು ಎತ್ತುವ ಹಾಗಿಲ್ಲ. ಸ್ಕ್ಯಾನರು ಇದ್ದರೂ ಬಿಡಿಭಾಗ ದೂರದ ಪೇಟೆಯಿಂದ ಬರಬೇಕು. ಅಷ್ಟು ದಿನ ಹಾಲಿನ ಕ್ಯಾನು ಯಾರ ತಲೆ ಮೇಲೆ? ಕೊಳ್ಳುವ ಮುಂಚೆ ಗಾಡಿಯ ಅಶ್ವಶಕ್ತಿ ಕೇಳುವುದಕ್ಕಿಂತ ಅದರ ಕ್ಲಚ್ ಪ್ಲೇಟು ಮೂಡಿಗೆರೆಯಲ್ಲಿ ಸಿಗುತ್ತದೆಯೇ ಎಂದು ಕೇಳುವವನೇ ಜಾಣ. ಘಟ್ಟದಲ್ಲಿ ಬೊಲೆರೊ, ಹಳೇ ಜೀಪು ಇನ್ನೂ ಬಾಳುತ್ತಿರುವ ಗುಟ್ಟು ಅದರಲ್ಲೇ ಇದೆ.

ಡೀಸೆಲ್ಲಿನ ಲೆಕ್ಕವನ್ನೂ ಹಾಕಿಬಿಡಿ. ದಿನಕ್ಕೆ 40 ಕಿ.ಮೀ., ವರ್ಷಕ್ಕೆ 300 ದಿನ ಅಂದರೆ 12,000 ಕಿ.ಮೀ. ಮಣ್ಣು, ಏರು, ಹೊರೆ ಸೇರಿ ಲೀಟರಿಗೆ 10 ಬಂದರೆ 1,200 ಲೀಟರು. ಲೀಟರಿಗೆ 90 ರೂಪಾಯಿ ಎಂದೇ ಹಿಡಿದರೂ ಒಂದು ಲಕ್ಷ ಎಂಟು ಸಾವಿರ. ಸಾಲದ ಕಂತು, ವಿಮೆ, ಟೈರು ಇದರ ಮೇಲೆ. ಕಾಫಿಗೆ ರೇಟು ಬಂದ ವರ್ಷ ಯಾರಿಗೂ ಈ ಲೆಕ್ಕ ಬೇಡ. ರೇಟು ಬಿದ್ದ ವರ್ಷ ಮನೆ ಮುಂದೆ ನಿಂತಿರುವ ಗಾಡಿಯನ್ನು ನೋಡಲೂ ಮನಸ್ಸಿಲ್ಲ.

ತೊಟ್ಟಿಯಲ್ಲಿ ಜನ

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೂ ಉಳಿದಿದೆ. ಕಾಫಿ ಕುಯಿಲಿನ ಕಾಲ, ಬೆಳಗಿನ ಏಳೂವರೆ. ಯಾವ ರಸ್ತೆಯಲ್ಲಾದರೂ ನಿಂತು ನೋಡಿ, ಪಿಕಪ್ಪಿನ ತೊಟ್ಟಿಯಲ್ಲಿ ಹೆಂಗಸರು, ಮಕ್ಕಳು, ಬುತ್ತಿ, ಬುಟ್ಟಿ. ಹಿಡಿದುಕೊಳ್ಳಲು ಒಂದು ಸರಳೂ ಇಲ್ಲ. ಹಿಂದಿನ ಬಾಗಿಲಿಗೆ ಚೈನು ಹಾಕಿ ಅದರ ಮೇಲೆ ಇಬ್ಬರು. ಸಾಮಾನು ಗಾಡಿಯ ತೊಟ್ಟಿಯಲ್ಲಿ ಹೀಗೆ ಜನ ಸಾಗಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಉರುಳಿದರೆ ವಿಮೆಯ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಹತ್ತುವವರು ಆ ಹೆಂಗಸರ ಮನೆಯವರು, ಗಾಡಿಯ ಯಜಮಾನರಲ್ಲ.

ಬಸ್ಸಿಲ್ಲದ ಕಡೆ ಆಳುಗಳು ಹೇಗೆ ಬರಬೇಕು ಎಂದು ತೋಟದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದಾಗ, ತಾಲೂಕಿನ ಬೆಟ್ಟದ ಹಳ್ಳಿಗಳಲ್ಲಿ ಮಣ್ಣು ಜರಿದು ಮನೆಗಳು ಹೋದಾಗ, ಇಂಥ ಜೀಪು ಪಿಕಪ್ಪುಗಳ ಬೆಲೆ ಏನೆಂದು ಇಡೀ ಸೀಮೆಗೆ ಗೊತ್ತಾಯಿತು. ಆದರೆ ಆಪತ್ತಿನ ದಿನದ ಏರ್ಪಾಡು ಬೇರೆ, ದಿನಾ ಬೆಳಿಗ್ಗೆ ಇಪ್ಪತ್ತು ಜನರನ್ನು ಮೂಟೆಯ ಹಾಗೆ ತುಂಬುವುದು ಬೇರೆ. ನಾಲ್ಕು ಬಾಗಿಲಿನ ಗಾಡಿಯಾದರೆ ಆರ್.ಸಿ.ಯಲ್ಲಿ ಬರೆದಷ್ಟು ಜನ ಒಳಗೆ ಕೂತು ಎರಡು ಮೂರು ಸಲ ಓಡಾಡಲಿ. ದೀಪಕ್ಕೆ, ಗಾರ್ಡಿಗೆ ಹಾಕಿದ ದುಡ್ಡು ಆ ಡೀಸೆಲ್ಲಿಗೆ ಎಷ್ಟೋ ತಿಂಗಳು ಬರುತ್ತದೆ.

ಹಳೇ ಗಾಡಿ ಕೊಳ್ಳುವವರಿಗೆ ಎರಡು ಮಾತು. ಹೊಸದರ ಬೆಲೆ ಕೇಳಿ ತಲೆ ತಿರುಗಿದವರೆಲ್ಲ ಈಗ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದಾರೆ. ಮೈಬಣ್ಣ ನೋಡಬೇಡಿ, ಅಡಿಗೆ ನುಗ್ಗಿ ಚಾಸಿ ನೋಡಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ ಎನ್ನುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಎರಡು ಸಲ ಬಡಿಯಿರಿ. ಬಿಳಿ ಬೋರ್ಡಿನ ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣವಾಗಿದೆಯೇ, ಹಳದಿ ಬೋರ್ಡಾದರೆ ಎಫ್.ಸಿ. ಎಲ್ಲಿಯವರೆಗಿದೆ, ಹಾಕಿಸಿದ ಸಾಮಾನು ಆರ್.ಸಿ.ಗೆ ಹೊಂದುತ್ತದೆಯೇ ಎಂದು ವಿಚಾರಿಸಿ. ಡಿಫರೆನ್ಶಿಯಲ್ಲಿನ ತಿರುಪು ಬಿಚ್ಚಿಸಿ ಎಣ್ಣೆಯ ಬಣ್ಣ ನೋಡಿ. ಮಾರುವವನು ಟೀ ಕುಡಿಯೋಣ ಬನ್ನಿ ಎಂದರೂ ಬಿಡದೆ ಗಾಡಿಯನ್ನು ಮಣ್ಣಿಗೆ ಇಳಿಸಿ ಫೋರ್ ವೀಲ್ ಲೋಗೆ ಹಾಕಿಸಿ. ಬಿತ್ತೋ, ಮುಂಗಡ ಕೊಡಿ. ಬೀಳಲಿಲ್ಲವೋ, ಟೀ ಮಾತ್ರ ಕುಡಿದು ಬನ್ನಿ.